ಪಂಕ್ಚರ್ ತೊಟ್ಟಿಯ ಗೊದಮೊಟ್ಟೆಗಳು

ಪಂಕ್ಚರ್ ಅಂಗಡಿಯವನಿಗೆ ನೀರಿನ ತೊಟ್ಟಿ ಇಲ್ಲದಿದ್ದರೆ ಕೈ ಮುರಿದಂತೆಯೇ. ಗಾಳಿ ತುಂಬಿದ ಟ್ಯೂಬನ್ನು ಅದರಲ್ಲಿ ಅದ್ದಬೇಕು, ಗುಳ್ಳೆ ಎದ್ದ ಕಡೆ ತೂತು. ಆದರೆ ಬೀದಿಯೆಲ್ಲ ಗಾಳಿಯಣ್ಣ ಎಂದು ಕರೆಯುವ ಈ ಮಹಾರಾಯ ತೊಟ್ಟಿ ಮುಟ್ಟದೆ, ಟ್ಯೂಬಿಗೆ ಸೋಪಿನ ನೀರು ಬಳಿಯುತ್ತ ಕೂತಿದ್ದ. ಬಹಳ ದಿನ ಮುಚ್ಚಿದ್ದ ಅಂಗಡಿ ತೆರೆದಾಗ, ಮಳೆನೀರು ತುಂಬಿದ ತೊಟ್ಟಿಯಲ್ಲಿ ಗೊದಮೊಟ್ಟೆಗಳು ಬಾಲ ಆಡಿಸುತ್ತಿದ್ದವು. ಚೆಲ್ಲಲು ಮನಸ್ಸು ಬರಲಿಲ್ಲ.

"ಏನಣ್ಣಾ, ಮೀನು ಸಾಕಿದ್ದೀಯಾ?" ಎಂದ ಒಬ್ಬ ಗಿರಾಕಿ.

"ಹೂಂ, ನಿನ್ನ ಸೈಕಲ್ ತಿಂದುಬಿಡ್ತವೆ, ದೂರ ನಿಲ್ಲು."

ಅಂಗಡಿ ಮುಚ್ಚಿದ್ದು ಮೋಜಿಗಲ್ಲ. ಹೆಂಡತಿಗೆ ತಿಂಗಳು ತುಂಬುವ ಮೊದಲೇ ಹೆರಿಗೆಯಾಗಿ, ಮಗು ಒಂದೇ ದಿನ ಏದುಸಿರು ಬಿಟ್ಟು ಹೋಗಿಬಿಟ್ಟಿತ್ತು. ಆಮೇಲೆ ಅವಳು ಹೊಸ್ತಿಲು ದಾಟಿರಲಿಲ್ಲ. ಮಗುವಿನ ಮಾತನ್ನು ಇಬ್ಬರೂ ಎತ್ತಿರಲಿಲ್ಲ. ಗೊದಮೊಟ್ಟೆಗಳ ಸುದ್ದಿ ಹೇಳಿದ್ದೇ ತಡ, ಮರುದಿನ ಬೇಯಿಸಿದ ಸೊಪ್ಪು ಹಿಡಿದು ತಾನೇ ಅಂಗಡಿಗೆ ಬಂದಳು. ದಿನಾ ಬರತೊಡಗಿದಳು. ಅವನಿಗೆ ಅಷ್ಟೇ ಸಾಕಿತ್ತು, ಪಾಪ.

ಹಿಂಗಾಲು ಮೂಡಿದವು, ಆಮೇಲೆ ಮುಂಗಾಲು. ಮುಂಗಾಲು ಬಂದ ಮರಿಗಳು ಸೊಪ್ಪಿನ ಕಡೆ ತಿರುಗಿಯೂ ನೋಡಲಿಲ್ಲ.

"ನನ್ನ ಕೈಯಡುಗೆ ಬೇಜಾರಾಯ್ತೇನೋ ರೀ."

"ಬಾಲ ನೋಡೇ, ದಿನಾ ಗಿಡ್ಡ ಆಗ್ತಿದೆ. ಅದನ್ನೇ ಬುತ್ತಿ ಮಾಡ್ಕೊಂಡಿವೆ, ಕಳ್ಳರು."

ಒಂದು ಬೆಳಿಗ್ಗೆ ಎರಡು ಮರಿ ಸತ್ತು ತೇಲುತ್ತಿದ್ದವು. ಗಾಳಿಯಣ್ಣ ಅವನ್ನು ಬೊಗಸೆಯಲ್ಲಿ ಎತ್ತಿಕೊಂಡ. ಇವೂ ಹೋದರೆ ಇವಳು ಮತ್ತೆ ಬಾಗಿಲು ಹಾಕಿಕೊಳ್ಳುತ್ತಾಳೆ, ಆಮೇಲೆ ಯಾರು ಬಡಿದರೂ ತೆಗೆಯುವುದಿಲ್ಲ. ಬಚ್ಚಿಡಬೇಕೆನ್ನುವಷ್ಟರಲ್ಲಿ ಅವಳು ಎದುರಿಗೇ ನಿಂತಿದ್ದಳು.

ಇನ್ನೊಂದು ಮರಿ ತೊಟ್ಟಿಯ ನುಣುಪು ಗೋಡೆ ಕೆರೆಯುತ್ತ ಮೇಲೆ ಬಂದು ಮತ್ತೆ ಮುಳುಗಿತು. ಮುಳುಗುವಾಗ ಅದರ ಬಾಯಿಂದ ಗುಳ್ಳೆ ಎದ್ದಿತು. ಗುಳ್ಳೆ ನೋಡಿಯೇ ಅನ್ನ ತಿಂದವನು ಅವನು.

"ಇದರೊಳಗೆ ಗಾಳಿ ಇದೆ ಕಣೇ, ಈಗ ನಮ್ಮ ಹಾಗೇ ಉಸಿರಾಡ್ತಿದೆ. ಇನ್ನು ನೀರಲ್ಲೇ ಇದ್ರೆ ಉಸಿರು ಕಟ್ಟುತ್ತೆ. ಹತ್ತೋಕೆ ಜಾಗ ಬೇಕು."

ಹಳೇ ಟೈರಿನ ತುಂಡು ಕತ್ತರಿಸಿ ಇಳಿಜಾರಾಗಿ ನೀರಿಗೆ ಇಳಿಬಿಟ್ಟ. ಮರಿ ಟೈರಿನ ಗೆರೆಗಳಿಗೆ ಕಾಲು ಕೊಟ್ಟು, ಮೋಟು ಬಾಲ ಎಳೆದುಕೊಂಡು ಹತ್ತಿ ಒಣ ಜಾಗದಲ್ಲಿ ಕೂತಿತು. ಅದರ ಗಂಟಲು ಪಟಪಟ ಮಿಡಿಯುತ್ತಿತ್ತು. ಅವಳು ಅದನ್ನೇ ಬಹಳ ಹೊತ್ತು ನೋಡಿದಳು.

"ನಮ್ಮ ಪಾಪುಗೆ ಉಸಿರಾಡೋದು ಕಲಿಯೋಕೆ ಪುರಸೊತ್ತೇ ಸಿಗಲಿಲ್ಲ, ಅಲ್ವಾ ರೀ?"

"ಸಿಗಲಿಲ್ಲ ಕಣೇ," ಎಂದು ಮಸಿ ಮೆತ್ತಿದ ಕೈಯಲ್ಲೇ ಅವಳ ಕೈ ಹಿಡಿದುಕೊಂಡ.

ಆಮೇಲೆ ಇಬ್ಬರೂ ಅತ್ತರು, ಹಾಡಹಗಲೇ, ಅಂಗಡಿ ಮುಂದೆಯೇ, ಮಗು ಹೋದ ಮೇಲೆ ಮೊದಲ ಸಲ ಜೊತೆಯಾಗಿ.