ಉಮೆಜೊನ ತಟ್ಟೆ ಬಾಗಿಲು ದಾಟಿದ್ದು

ನನ್ನ ಗದ್ದದ ಮೇಲೆ ಒಂದು ಗೀರು ಇದೆ. ಎಳೆದವನು ನಮ್ಮ ಬೀದಿಯ ಕ್ಷೌರಿಕ ಉಮೆಜೊ. ನಲವತ್ತಾರು ವರ್ಷ ಯಾರ ಮೈಯಿಂದಲೂ ಒಂದು ಹನಿ ರಕ್ತ ತೆಗೆಯದ ಮನುಷ್ಯ, ಹೋದ ಚಳಿಗಾಲ ಕೈ ನಡುಗಿ ನನ್ನನ್ನು ಕೊಯ್ದುಬಿಟ್ಟ. ನಾನೋ ತೋಫು ಮಾರುವವನು, ಮನೆಮನೆಗೆ ಹೋಗುವವನು, ಬಾಯಿ ಸುಮ್ಮನಿರುತ್ತದೆಯೇ? ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ ಮುಟ್ಟಿಸಿದೆ. ಆಮೇಲೆ ಅವನ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ನಾನೂ ಕೂರಲಿಲ್ಲ.

ಅವನ ಹೆಂಡತಿ ಶಿಗೆನೊ ಕೂಡ ತಿಂಗಳಿಗೊಮ್ಮೆ ಅವನ ಕೈಯಲ್ಲೇ ಕತ್ತಿನ ನವಿರುಗೂದಲು ಬೋಳಿಸಿಕೊಳ್ಳುತ್ತಿದ್ದಳು. ಅವಳೂ ನಿಲ್ಲಿಸಿದಳು. ಉಮೆಜೊಗೆ ನಿಜವಾಗಿ ನೋವಾದದ್ದು ಅದಕ್ಕೆ.

"ಅಂಗಡಿ ಮುಚ್ಚಿ. ಯಾರದಾದ್ರೂ ಕಿವಿ ಹೋದ್ಮೇಲೆ ಮುಚ್ಚೋದಕ್ಕಿಂತ ಈಗ್ಲೇ ಮುಚ್ಚೋದು ವಾಸಿ" ಎಂದಳು.

"ಚಿಕುಬು ದ್ವೀಪದಲ್ಲಿ ನನ್ನ ತಟ್ಟೆ ಬಾಗಿಲು ದಾಟ್ಲಿ, ಅಂಗಡಿ ಇರುತ್ತೆ. ದಾಟ್ಲಿಲ್ವಾ, ಕತ್ತಿ ಪೆಟ್ಟಿಗೆಗೆ" ಎಂದ ಉಮೆಜೊ.

ಬೀದಿಯವರು ವರ್ಷಕ್ಕೊಮ್ಮೆ ದೋಣಿ ಹತ್ತಿ ಬಿವಾ ಸರೋವರದ ಆ ದ್ವೀಪಕ್ಕೆ ಹೋಗಿ ಸಂಜೆಗೆ ಮರಳುತ್ತೇವೆ. ನಾಗದೇವರ ಮಂಟಪದಲ್ಲಿ ಎರಡು ಪುಟ್ಟ ಮಣ್ಣಿನ ತಟ್ಟೆ ಕೊಡುತ್ತಾರೆ. ಒಂದರ ಮೇಲೆ ಹೆಸರು, ಇನ್ನೊಂದರ ಮೇಲೆ ಕೋರಿಕೆ ಬರೆದು, ಕೆಳಗೆ ನೀರಂಚಿನಲ್ಲಿರುವ ಕಲ್ಲಿನ ಬಾಗಿಲಿನೊಳಗಿಂದ ಹಾಯುವಂತೆ ಎಸೆಯಬೇಕು. ಕೋರಿಕೆ ದಾಟಿದರೆ ಕೈಗೂಡಿದಂತೆ. ಉಮೆಜೊ ಮೂವತ್ತು ವರ್ಷ ಎಸೆದಿದ್ದ, ಒಮ್ಮೆಯೂ ದಾಟಿರಲಿಲ್ಲ. ಹೋದ ವರ್ಷವಂತೂ ತಟ್ಟೆಗಿಂತ ಅವನ ಕನ್ನಡಕವೇ ದೂರ ಹಾರಿ ಸರೋವರ ಸೇರಿತ್ತು.

ಈ ಸಲ ಉಳಿದ ಚಳಿಗಾಲವಿಡೀ ಹಿತ್ತಲಿನ ಬಟ್ಟೆ ಒಣಹಾಕುವ ಕಂಬಗಳ ನಡುವೆ ಎಸೆಯುವ ಅಭ್ಯಾಸ ಮಾಡಿದ. ಚೆರ್ರಿ ಅರಳುವ ಹೊತ್ತಿಗೆ ಮನೆಯಲ್ಲಿ ಸಾಕೆ ಮದ್ಯ ಕುಡಿಯಲು ಒಂದು ಬಟ್ಟಲೂ ಉಳಿದಿರಲಿಲ್ಲ.

ಆ ದಿನ ಮಂಟಪದಲ್ಲಿ ಕುಂಚ ಹಿಡಿದದ್ದೇ ಅವನ ಕೈ ನಡುಗತೊಡಗಿತು. ಶಿಗೆನೊ ಕುಂಚ ಕಿತ್ತುಕೊಂಡು ಇಬ್ಬರ ತಟ್ಟೆಗಳನ್ನೂ ತಾನೇ ಬರೆದು ಕಟಕಟೆಯ ಮೇಲೆ ಇಟ್ಟಳು. ಉಮೆಜೊ ಕನ್ನಡಕ ತೆಗೆದು ಅವಳ ಕೈಗೆ ಕೊಟ್ಟ. ಹೆಸರಿನ ತಟ್ಟೆ ಪೈನ್ ಮರಕ್ಕೆ ಬಡಿಯಿತು. ತಡಕಾಡಿ ಇನ್ನೊಂದನ್ನು ಎತ್ತಿಕೊಂಡ, ಎಸೆದ. ಅದು ತೇಲುತ್ತ ಹೋಗಿ ಕಲ್ಲಿನ ಬಾಗಿಲಿನ ನಟ್ಟನಡುವೆ ದಾಟಿತು.

ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು. ಶಿಗೆನೊ ಮಾತ್ರ ಕಟಕಟೆ ನೋಡುತ್ತಿದ್ದಳು.

"ರೀ, ನಿಮ್ಮ ಕೋರಿಕೆ ಇಲ್ಲೇ ಇದೆ. ಹೋಗಿದ್ದು ನಂದು."

ಉಳಿದ ತಟ್ಟೆಯ ಮೇಲೆ 'ಅಂಗಡಿ ನಡೆಯಲಿ' ಎಂದಿತ್ತು.

"ನಿನ್ ತಟ್ಟೇಲಿ ಏನಿತ್ತು?"

"ಅಂಗಡಿ ಮುಚ್ಚಲಿ ಅಂತ."

ದೋಣಿಯಲ್ಲಿ ಮರಳುವಾಗ ಅದೇ ಜಗಳ. "ಎಸೆದ ಕೈ ನಂದು" ಎಂದು ಅವನು. "ತಟ್ಟೆ ನಂದು" ಎಂದು ಅವಳು. ನ್ಯಾಯ ಹೇಳು ಎಂದು ನನ್ನನ್ನು ಹಿಡಿದುಕೊಂಡರು. ನಾನು ದಡ ಬರುವವರೆಗೂ ನಿದ್ದೆ ಬಂದವನಂತೆ ನಟಿಸಿದೆ.

ಮರುದಿನ ಬೆಳಿಗ್ಗೆ ತೋಫು ಕೊಡಲು ಹೋದರೆ ಉಮೆಜೊ ಒಬ್ಬನೇ ಕತ್ತಿಗಳನ್ನು ಒರೆಸಿ ಪೆಟ್ಟಿಗೆಗೆ ಹಾಕುತ್ತಿದ್ದ. ಕೊಟ್ಟ ಮಾತು ತಪ್ಪುವವನಲ್ಲ ಅವನು. ತೋಫು ಪಾತ್ರೆ ಹಿಡಿದು ಹೊಸ್ತಿಲಲ್ಲೇ ನಿಂತೆ. ಅಷ್ಟರಲ್ಲಿ ಶಿಗೆನೊ ಒಳಗಿಂದ ಬಂದಳು. ಬಿಳಿ ಬಟ್ಟೆಯನ್ನು ತಾನೇ ಹೊದ್ದು ಕುರ್ಚಿಯಲ್ಲಿ ಕೂತಳು.

"ಕತ್ತು ಬೋಳಿಸಿ."

"ಅಂಗಡಿ ಮುಚ್ಚಿದೆ. ದೇವ್ರು ನಿನ್ನ ಮಾತು ಕೇಳಿದಾನಲ್ಲ."

"ಬೇಡ್ಕೊಂಡಿದ್ದು ನಾನು, ವಾಪಸ್ ತಗೊಳ್ಳೋಳೂ ನಾನೇ. ದೇವ್ರ ಹತ್ರ ನಾನು ಮಾತಾಡ್ಕೋತೀನಿ. ಅಷ್ಟು ದೂರ ಗುರಿ ಹಿಡಿದ ಕೈಗೆ ಇಷ್ಟು ಹತ್ರ ಇರೋದು ಕಷ್ಟನಾ?"

ಅವನು ಕತ್ತಿ ಎತ್ತಿದ. ಗಾಳಿಯಲ್ಲಿ ಅದು ನಡುಗುತ್ತಲೇ ಬಂತು. ಅವಳು ಕಣ್ಣು ಮುಚ್ಚಿ ತಲೆ ಬಗ್ಗಿಸಿದಳು. ಅಲಗು ಅವಳ ಕುತ್ತಿಗೆಗೆ ತಾಗಿದ್ದೇ ತಡ, ನಡುಕ ನಿಂತಿತು. ಮುಗಿಯುವವರೆಗೂ ಮತ್ತೆ ಬರಲಿಲ್ಲ. ಉಮೆಜೊ ಅಳುತ್ತಿದ್ದ, ಆದರೆ ಕೈ ಅಲುಗಲಿಲ್ಲ.

ಶಿಗೆನೊ ಎದ್ದು ಕತ್ತು ಸವರಿಕೊಂಡಳು. ಬಟ್ಟೆ ಕೊಡವಿ ನನ್ನತ್ತ ತಿರುಗಿದಳು.

"ಮಕಿನೊ ಅವ್ರೇ, ಆವತ್ತು ಬೀದಿಗೆಲ್ಲ ಡಂಗುರ ಹೊಡ್ದೋರು ನೀವು. ಬನ್ನಿ, ಕೂತ್ಕೊಳ್ಳಿ."

ತೋಫು ಪಾತ್ರೆ ಕೆಳಗಿಟ್ಟೆ. ಕಣ್ಣು ಮುಚ್ಚುವ ಧೈರ್ಯ ಬರಲಿಲ್ಲ, ಆದರೆ ಕೂತೆ. ಒಂದು ಹನಿ ರಕ್ತವೂ ಬರಲಿಲ್ಲ. ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ ಮುಟ್ಟಿಸಿದೆ.