ಆಸ್ನದ ಬಸ್ಸಿಗೆ ‘ಆ’ ಇಲ್ಲ

ಆಗ ನನಗೆ ಅರವತ್ತೆರಡು ವರ್ಷ. ಎರಡು ವರ್ಷದ ಹಿಂದಿನ ಮಾತು. ಅಲ್ಲಿಯವರೆಗೆ ನಾನು ಒಬ್ಬಳೇ ಬಸ್ಸು ಹತ್ತಿ ದೂರ ಹೋದವಳಲ್ಲ. ಗಂಡ ಮುಂದೆ, ನಾನು ಹಿಂದೆ. ಅವರು ಸತ್ತ ಮೇಲೆ ಮಗ ಮುಂದೆ, ನಾನು ಹಿಂದೆ. ಬಸ್ಸಿನ ಹಣೆಯ ಮೇಲೆ ಏನು ಬರೆದಿದೆ ಅಂತ ನೋಡುವ ಕೆಲಸ ನನ್ನ ಪಾಲಿಗೆ ಬಂದೇ ಇರಲಿಲ್ಲ.

ನಮ್ಮೂರು ನುಗ್ಗೇಹಳ್ಳಿಯ ಪಕ್ಕ. ಅಡಿಗೆಮನೆಯನ್ನು ಸೊಸೆಗೆ ಬಿಟ್ಟುಕೊಟ್ಟಿದ್ದೆ. ಹಸುವನ್ನೂ ಮಾರಿದ್ದರು. “ಇನ್ನೇನವ್ವ, ಕುಂತ್ಕಂಡ್ ಉಣ್ಣು” ಅಂದ ಮಗ. ಕೂತು ನೋಡಿದೆ. ಜಗಲಿಯಿಂದ ಹಿತ್ತಲಿಗೆ, ಹಿತ್ತಲಿಂದ ಜಗಲಿಗೆ. ಸೊಸೆ ಗುಡಿಸಿದ್ದನ್ನೇ ಮತ್ತೆ ಗುಡಿಸುತ್ತಿದ್ದೆ, ಅವಳು ಸಿಡುಕುತ್ತಿದ್ದಳು. ಸಿಡುಕದೆ ಇನ್ನೇನು ಮಾಡುತ್ತಾಳೆ? ಮೈಯಲ್ಲಿ ಇರುವೆ ಹರಿದ ಹಾಗೆ ನನಗೆ.

ಅಂಥದ್ದರಲ್ಲಿ ನಮ್ಮ ಹೆಂಗಸರ ಸಂಘಕ್ಕೆ ಒಂದು ಸುದ್ದಿ ಬಂತು. ತೆಂಗಿನ ನಾರಿನಿಂದ ಹಗ್ಗ ಹೊಸೆಯುವ ಮಿಷನ್ನು ಕೊಡುತ್ತಾರಂತೆ, ಅದನ್ನು ನಡೆಸುವುದನ್ನು ಒಬ್ಬರು ಒಂದು ವಾರ ದಿನಾ ಹಾಸನಕ್ಕೆ ಹೋಗಿ ಕಲಿತು ಬರಬೇಕಂತೆ. ಚಿಕ್ಕ ವಯಸ್ಸಿನವರೆಲ್ಲ ಮಕ್ಕಳು, ಹೊಲ ಅಂತ ಮುಖ ಮುಖ ನೋಡಿಕೊಂಡರು. ನಾನು ಹೋಗುತ್ತೇನೆ ಅಂದೆ. ಅಂದ ಮೇಲೆ ಹಿಂದೆ ತೆಗೆದುಕೊಳ್ಳುವ ಹಾಗಿರಲಿಲ್ಲ, ಮಾತು ಬಿದ್ದಾಗಿತ್ತು.

ಮಗ ಒಪ್ಪಲಿಲ್ಲ. “ದಾರಿ ತಪ್ಪುದ್ರೆ ಯಾರು ಉಡುಕ್ಕಂಡ್ ಬರೋರು?”

“ನಂಗೆ ಓದಾಕ್ ಬತ್ತದೆ ಕಣ್ಲಾ.”

“ಓಗು ಅಂಗಾರೆ. ಯಾರ್ ಮಾತ್ನೂ ನಂಬ್‌ಬ್ಯಾಡ, ಬೋರ್ಡ್ ನೋಡ್ಕಂಡು ಬಸ್ ಅತ್ತು. ಒಂದ್ ಸಲ ತಪ್ಪುಸ್ಕಂಡ್ರೆ ಮುಗೀತು, ಆಮೇಲೆ ಒಸ್ಲು ದಾಟಂಗಿಲ್ಲ.”

ನನ್ನ ಓದು ಎಷ್ಟಿತ್ತು ಅಂದರೆ, ಮದುವೆಯಾದ ಹೊಸದರಲ್ಲಿ ಊರಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುತ್ತಿದ್ದರು. ಅ ಆ ಇ ಈ ಮುಗಿಸಿ ಕ ಖ ತಿದ್ದುವಾಗ ರಾಗಿ ಕೊಯ್ಲು ಬಂತು. ಕುಡುಗೋಲು ಹಿಡಿದೆ, ಬಳಪ ಬಿಟ್ಟೆ. ಅಷ್ಟೇ.

ಚನ್ನರಾಯಪಟ್ಟಣದ ಬಸ್‌ ಸ್ಟ್ಯಾಂಡಿನಲ್ಲಿ ಇಳಿದರೆ ಸಂತೆ ಸೇರಿದ ಹಾಗಿದೆ. ಕಂಡಕ್ಟರುಗಳೆಲ್ಲ ಒಟ್ಟಿಗೆ ಊರು ಕೂಗುತ್ತಾರೆ. “ಆಸ್ನ ಆಸ್ನ” ಅನ್ನುವುದೂ ಕಿವಿಗೆ ಬೀಳುತ್ತದೆ. ತಿರುಗಿ ಬೋರ್ಡು ನೋಡಿದರೆ ಅಲ್ಲಿ ‘ಆ’ ಇಲ್ಲ. ಕೂಗುವವನು ಸುಳ್ಳ, ಹಳ್ಳಿ ಹೆಂಗಸು ಅಂತ ಆಟ ಆಡುತ್ತಾನೆ ಅಂದುಕೊಂಡೆ. ಒಂದಾದ ಮೇಲೊಂದು ಬಸ್ಸು ಹೀಗೆ ಬಿಟ್ಟೆ. ಬಿಸಿಲು ಏರಿತು, ಬೆವರು ಇಳಿಯಿತು. ಕೊನೆಗೆ ಒಂದು ಬಸ್ಸಿನ ಮೇಲೆ ‘ಅ’ ಕಂಡಿತು. ‘ಆ’ ಅಲ್ಲ, ‘ಅ’. ಬಾಲ ಬರೆಯುವುದಕ್ಕೆ ಜಾಗ ಸಾಲಲಿಲ್ಲವೇನೋ ಅಂತ ಹತ್ತಿಬಿಟ್ಟೆ.

“ಎಲ್ಲಿಗಜ್ಜಿ?” ಅಂದ ಕಂಡಕ್ಟರು, ನನ್ನ ಆಧಾರ್ ಕಾರ್ಡು ನೋಡುತ್ತ.

“ಕೊನೇ ಸ್ಟಾಪು” ಅಂದೆ ಜೋರಾಗಿ. ದಿನಾ ಓಡಾಡುವವಳ ಹಾಗೆ.

ನಡುವೆ ಹೊಳೆ ಕಂಡಿತು. ಹಾಸನದ ದಾರಿಯಲ್ಲಿ ಇಂಥ ಹೊಳೆ ನೋಡಿದ ನೆನಪಿಲ್ಲ. ಜನ ಇಳಿದರು, “ಒಳೇನರಸೀಪುರ ಬಂತು, ಇಳೀರಿ ಬೇಗ” ಅನ್ನುವುದೂ ಕೇಳಿತು. ಆಗಲೇ ಗೊತ್ತಾಯಿತು ನನಗೆ. ಆದರೂ ಬಾಯಿ ಬಿಡಲಿಲ್ಲ. ಕೇಳಿದರೆ ಓದು ಬಾರದು ಅಂತ ಬಸ್ಸಿಗೆಲ್ಲ ಗೊತ್ತಾಗುತ್ತದಲ್ಲ. ಕೂತಲ್ಲೇ ಸೀರೆ ಸೆರಗನ್ನು ಹಿಂಡಿ ಹಿಂಡಿ ಹಗ್ಗ ಮಾಡಿದೆ. ಬಸ್ಸು ನಿಂತಿದ್ದು ಅರಕಲಗೂಡಿನಲ್ಲಿ.

ಅಲ್ಲಿ ಕಡಲೆಕಾಯಿ ಮಾರುವವಳನ್ನು ಕೇಳಲೇಬೇಕಾಯಿತು. “ಆಸ್ನದ ಬಸ್ ಎಲ್ಲಿ ಬತ್ತದವ್ವ?”

“ಕಣ್ ಮುಂದೇನೇ ನಿಂತೈತಲ್ಲ! ಬೋರ್ಡ್ ಓದಾಕ್ ಬರಾಕಿಲ್ವ?”

“ಬತ್ತದೆ. ಅದ್ರಲ್ಲಿ ‘ಆ’ ಎಲ್ಲೈತೆ ತೋರ್ಸು.”

ಅವಳು ನನ್ನನ್ನೂ ಬೋರ್ಡನ್ನೂ ನೋಡಿ ಬಿದ್ದು ಬಿದ್ದು ನಕ್ಕಳು. “ಅಯ್ಯೋ ನಿನ್ ಮನೆ ಕಾಯ! ಆ ಅಲ್ಲ ಕಣಕ್ಕ, ಹಾ! ಹಾಸನ!” ಉಸಿರು ಎಳೆದು ಎಳೆದು ಹೇಳಿದಳು.

“ಮತ್ತೆ ಬೆಳಿಗ್ಗೆ ಚನ್ರಾಯಪಟ್ಣದಲ್ಲಿ ಕಂಡಕ್ಟ್ರು ಆಸ್ನ ಆಸ್ನ ಅಂತ ಬಡ್ಕಂಡ?”

“ಬಾಯಲ್ಲಿ ಅಂಗೇ ಅನ್ನದು.”

“ಬಾಯಲ್ಲೊಂದು ಬೋರ್ಡಲ್ಲೊಂದು ಇಟ್ಕಂಡ್ರೆ ನಾವೇನ್ ಸಾಯದಾ?”

ಸುತ್ತ ಇದ್ದವರೂ ನಕ್ಕರು. ನನಗೂ ನಗು ಬಂತು, ಹಾಳಾಗಿ ಹೋಗಲಿ ಅಂತ. ‘ಹ’ ಅಕ್ಷರ ಎಲ್ಲೋ ಕೊನೆಯಲ್ಲಿ ಬರುವುದಂತೆ. ನಾನು ಅಲ್ಲಿಯವರೆಗೆ ಹೋಗಿರಲೇ ಇಲ್ಲ.

ಹಾಸನ ಸೇರಿದಾಗ ಮಿಷನ್ನುಗಳನ್ನು ಒರೆಸಿಡುತ್ತಿದ್ದರು. ಕಲಿಸುವ ಮೇಡಮ್ಮು ಗಡಿಯಾರ ತೋರಿಸಿದಳು. “ನಾಳೆ ಹತ್ತು ಗಂಟೆಗೆ ಬರಲಿಲ್ಲ ಅಂದ್ರೆ ನಿಮ್ಮ ಜಾಗ ಬೇರೆ ಊರಿನವರಿಗೆ ಕೊಡ್ತೀನಿ, ಅಮ್ಮ.”

ಮನೆ ಸೇರಿದಾಗ ದೀಪ ಹಚ್ಚಿದ್ದರು. ನಾನು ಮುಚ್ಚಿಡಲಿಲ್ಲ, ಅರಕಲಗೂಡು ನೋಡಿಕೊಂಡು ಬಂದೆ ಅಂದೆ. ಸೊಸೆ ಸೆರಗು ಬಾಯಿಗಿಟ್ಟುಕೊಂಡಳು. “ನಾಳೀಕ್ ಎಲ್ಲಿಗತ್ತೆ, ಮಡಿಕೇರಿಗಾ?”

ಮಗ ನಗಲಿಲ್ಲ. “ಏಳಿದ್ನಲ್ಲವ್ವ. ಸಾಕು ಬುಡು ಇನ್ನ.”

ನಿಜ ಹೇಳಬೇಕು ಅಂದರೆ ಆ ಮಾತು ಕೇಳಿ ಒಂದು ಗಳಿಗೆ ಹಾಯೆನಿಸಿತು. ಕಾಲು ಊದಿತ್ತು. ಬೇಡ ಅನ್ನುವವನು ಅವನು, ನನ್ನ ಮೇಲೆ ತಪ್ಪಿಲ್ಲ, ಜಗಲಿಯ ಮೇಲೆ ಕೂತುಬಿಡಬಹುದು. ಆಮೇಲೆ ಆ ಜಗಲಿಯ ಮೇಲೆ ಇನ್ನೂ ಎಷ್ಟು ವರ್ಷ ಅಂತ ಯೋಚನೆ ಬಂತು. ನಮ್ಮಮ್ಮ ತೊಂಬತ್ತರವರೆಗೆ ಬದುಕಿದ್ದವಳು.

ಮಾರನೇ ಬೆಳಿಗ್ಗೆ ಅವನು ಏಳುವ ಮೊದಲೇ ಮೊದಲ ಬಸ್ಸು ಹಿಡಿದು ಚನ್ನರಾಯಪಟ್ಟಣಕ್ಕೆ ಹೋದೆ. ನಾಲ್ಕು ಜನರ ಮುಂದೆ ಒಬ್ಬ ಕಂಡಕ್ಟರನ ತೋಳು ಹಿಡಿದು ನಿಲ್ಲಿಸಿ, “ನಂಗೆ ಪೂರ್ತಿ ಓದಾಕ್ ಬರಾಕಿಲ್ಲ ಸಾ, ಇದು ಎಲ್ಲಿಗೋಗ್ತದೆ ಬಾಯ್ಬುಟ್ ಏಳಿ” ಅಂದೆ. “ಆಸ್ನ” ಅಂದ. ಹತ್ತಿ ಕೂತೆ.