ಹುಲ್ಲಿನ ಮೇಲೆ ಮಲಗಿದ ಅಂಕಲ್

ಪಕ್ಕದ ಮನೆಯಲ್ಲಿದ್ದ ಮಂಗಳೂರಿನ ಅಂಕಲ್‌ಗೆ ಲಂಡನ್ನಿನ ಪಾರ್ಕುಗಳೆಂದರೆ ಪ್ರಾಣ ಎಂದು ಮಲೇಷ್ಯಾದ ಪುಚೊಂಗಿನ ನಮ್ಮ ಕಾಂಡೊ ಅಪಾರ್ಟ್‌ಮೆಂಟಿನಲ್ಲಿ ಈಗಲೂ ಹೇಳುತ್ತಾರೆ. ಸಾಕ್ಷಿ ಏನು? ಲಂಡನ್ನಿನ ಮಗಳ ಮನೆಗೆ ಹೋಗಿಬಂದ ಮೇಲೆ ಅವರು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಫೋನು ಚಾಚಿ, ತಾವು ಹುಲ್ಲಿನ ಮೇಲೆ ಕೈಕಾಲು ಚೆಲ್ಲಿ ಮಲಗಿದ ಫೋಟೊಗಳನ್ನು ತೋರಿಸುತ್ತಿದ್ದರು. ಜೊತೆಗೆ ಅದೇ ಮಾತು: "ಅಲ್ಲಿ ಹುಲ್ಲಲ್ಲಿ ಬಿದ್ಕೊಂಡ್ರೂ ಯಾರೂ ಕೇಳುದಿಲ್ಲ ಮಾರಾಯ! ಇಲ್ಲಿಯವರಿಗೆ ಪಾರ್ಕ್ ಅಂದ್ರೆ ಎಂತ ಅಂತಲೇ ಗೊತ್ತಿಲ್ಲ." ನಮ್ಮ ಮಹಡಿ ಬಂದರೂ ಬಿಡುತ್ತಿರಲಿಲ್ಲ. ಬಾಗಿಲಿಗೆ ಕೈ ಅಡ್ಡ ಹಿಡಿದು ಇನ್ನೊಂದು ಫೋಟೊ. ಜೊತೆಗೆ ಹೋಗಿದ್ದ ಅವರ ಹೆಂಡತಿ, ನಮ್ಮ ಆಂಟಿ, ಒಂದರಲ್ಲೂ ಇರಲಿಲ್ಲ. ಎಲ್ಲವನ್ನೂ ತೆಗೆದವರು ಆಂಟಿಯೇ.

ಒಂದು ಸಂಜೆ ಆಂಟಿ ಕಾಂಡೊದ ಹುಲ್ಲುಹಾಸಿನ ಮೇಲೆ ಚಾಪೆ ಹಾಸಿ, ಮಾಮಕ್ ಚಹಾ-ತಿಂಡಿ ಅಂಗಡಿಯಿಂದ ಕಟ್ಟಿಸಿ ತಂದ ಚಹಾ ಇಟ್ಟುಕೊಂಡು ಕೂತರು. "ಬಾ, ನೀನೂ ಕೂತ್ಕೋ. ಹೀಗೆ ಕೂರ್ಬೇಕು ಅಂತ ಎಷ್ಟು ಆಸೆ ಇತ್ತು ಗೊತ್ತುಂಟಾ!" ಎಂದು ನನ್ನನ್ನೂ ಕರೆದರು. ಚಹಾ ಬಾಯಿಗಿಡುವಷ್ಟರಲ್ಲಿ ಬಾಲ್ಕನಿಯಿಂದ ಅಂಕಲ್ ಕೂಗಿದರು:

"ಏಳು ಮಾರಾಯ್ತಿ! ನೋಡಿದವರು ಎಂತ ಹೇಳಿಯಾರು?"

ಆಂಟಿ ಚಾಪೆ ಸುತ್ತಿದರು.

ಮರುದಿನ ಲಿಫ್ಟಿನಲ್ಲಿ ಮತ್ತೆ ಅದೇ ಫೋನು, ಅದೇ ಹುಲ್ಲು. ನನಗೆ ತಡೆಯಲಾಗಲಿಲ್ಲ.

"ಅಂಕಲ್, ನೀವು ಇಷ್ಟು ಹಾಯಾಗಿ ಮಲಗಿದ್ರಲ್ಲ, ಆಗ ಆಂಟಿ ಎಲ್ಲಿ ಕೂತಿದ್ರು?"